ಯಂತ್ರವಾದ್ಯವೂ ಜನಕಂಠವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಜಾತ್ರೆಗಳಲ್ಲಿ ಇಂದು ಎರಡು ಬಗೆಯ ಸಂಗೀತ ಕಿವಿಗೆ ಬೀಳುತ್ತದೆ. ಗುಡಿಯ ಪೌಳಿಯಲ್ಲಿ ಹಾರ್ಮೋನಿಯಂ, ದಮ್ಮಡಿ, ತಾಳಗಳ ಭಜನೆ. ಬಯಲಿನ ವೇದಿಕೆಯಲ್ಲಿ ಕೀಬೋರ್ಡು, ರಿದಮ್ ಪ್ಯಾಡುಗಳ ರಸಮಂಜರಿ. ಎರಡನೆಯದನ್ನು ಕಂಡ ಹಿರಿಯರು, “ನುಡಿಸುವುದು ಯಂತ್ರ, ಮನುಷ್ಯನಿಗೆ ಅಲ್ಲೇನು ಕೆಲಸ?” ಎಂದು ಕೇಳುವುದುಂಟು. ಇದು ಹಗುರವಾದ ಪ್ರಶ್ನೆಯಲ್ಲ. ತಬಲಾ ವಾದಕನ ಅನ್ನವೂ ಇದರಲ್ಲಿ ಅಡಗಿದೆ. ಇದೇ ಪ್ರಶ್ನೆಯನ್ನು ನಾಲ್ಕು ದಶಕಗಳಿಂದ ಎದುರಿಸುತ್ತ ಬಂದ ಇಂಗ್ಲೆಂಡಿನ ವಾದ್ಯವೃಂದವೊಂದರ ಧ್ವನಿಮುದ್ರಿಕೆಯನ್ನು ಇಲ್ಲಿ ಪರಿಚಯಿಸಬಯಸುತ್ತೇನೆ.

ವೃಂದದ ಹೆಸರು ಡಿಪೆಷ್ ಮೋಡ್. ಅದು ಹುಟ್ಟಿದ್ದು 1980ರಲ್ಲಿ, ಎಸೆಕ್ಸ್ ಪ್ರಾಂತದ ಬ್ಯಾಸಿಲ್ಡನ್ ಪಟ್ಟಣದಲ್ಲಿ. ಇವರ ಮುಖ್ಯ ವಾದ್ಯ ಸಿಂಥೆಸೈಜರ್. ಅದರಲ್ಲಿ ಮೀಟುವ ತಂತಿಯಿಲ್ಲ, ಗಾಳಿಗೆ ನಡುಗುವ ಪಟ್ಟಿಯಿಲ್ಲ. ವಿದ್ಯುತ್ ಕಂಪನವನ್ನೇ ತಿದ್ದಿ ನಾದವಾಗಿಸುತ್ತಾರೆ. ಸ್ಯಾಂಪ್ಲರ್ ಎಂಬ ಇನ್ನೊಂದು ಯಂತ್ರ, ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದ ಸದ್ದನ್ನೂ ಹಿಡಿದಿಟ್ಟು ಬೇರೆ ಬೇರೆ ಸ್ವರಗಳಲ್ಲಿ ನುಡಿಯಬಲ್ಲುದು. ಆ ದಿನಗಳಲ್ಲಿ ಇವರ ವೇದಿಕೆಯ ಮೇಲೆ ಡ್ರಮ್ ವಾದಕನೇ ಇರಲಿಲ್ಲ. ತಾಳವೆಲ್ಲ ಬಹುಮಟ್ಟಿಗೆ ಮೊದಲೇ ಮುದ್ರಿಸಿದ ಟೇಪಿನಿಂದ ಬರುತ್ತಿತ್ತು.

ಹಾಗಾದರೆ ಇಂಥವರ ಕಚೇರಿಯನ್ನು ಮುದ್ರಿಸಿ ಪಡೆಯುವುದೇನು? ಮಲ್ಲಿಕಾರ್ಜುನ ಮನಸೂರರ ಬೈಠಕ್ಕಿನ ಮುದ್ರಣದಲ್ಲಿ ನಾವು ಅರಸುವುದು ಆ ರಾತ್ರಿಯಷ್ಟೇ ಅರಳಿದ ರಾಗದ ರೂಪವನ್ನು. ಟೇಪಿಗೆ ಅಂಥ ಮನೋಧರ್ಮವಿಲ್ಲ.

ಉತ್ತರ ದೊರೆಯುವುದು ‘101’ ಎಂಬ ಜೋಡಿ ಮುದ್ರಿಕೆಯಲ್ಲಿ. 1988ರ ಜೂನ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾದಲ್ಲಿ, ರೋಸ್ ಬೌಲ್ ಕ್ರೀಡಾಂಗಣದಲ್ಲಿ, ಸುಮಾರು 60,000 ಶ್ರೋತೃಗಳೆದುರು ನಡೆದ ಕಚೇರಿ ಅದು. ಆ ಪ್ರವಾಸದ ನೂರಾ ಒಂದನೆಯದೂ ಕೊನೆಯದೂ ಆದ ಕಚೇರಿಯಾದ್ದರಿಂದ ಆ ಹೆಸರು. ಮುದ್ರಿಕೆ 1989ರಲ್ಲಿ ಹೊರಬಂದಿತು. ಪೆನ್ನಿಬೇಕರ್ ಮೊದಲಾದವರು ಇದೇ ಪ್ರವಾಸವನ್ನು ಚಲನಚಿತ್ರವಾಗಿಸಿದರು. ಕೊನೆಯ ಹಾಡು ‘ಎವೆರಿಥಿಂಗ್ ಕೌಂಟ್ಸ್’, ವ್ಯಾಪಾರದ ದುರಾಸೆಯನ್ನು ಕುರಿತದ್ದು. ಅದರ ಪಲ್ಲವಿಯನ್ನು ಜನಸಮೂಹ ಕೈಗೆತ್ತಿಕೊಳ್ಳುತ್ತದೆ. ವಾದ್ಯಗಳು ಹಿಂದೆ ಸರಿದರೂ ಸಾವಿರಾರು ಕಂಠಗಳು ಹಾಡನ್ನು ಬಿಡುವುದಿಲ್ಲ. ಯಂತ್ರಸಂಗೀತದ ಮುದ್ರಿಕೆ ಮುಗಿಯುವುದು ಮನುಷ್ಯಕಂಠದಲ್ಲಿ. ಭಜನೆಯಲ್ಲಿ ಮುಂದಿನವರು ಹೇಳಿಕೊಟ್ಟದ್ದನ್ನು ಹಿಂದಿನವರು ತಮ್ಮದಾಗಿಸಿಕೊಳ್ಳುವ ರೀತಿಯೇ ಇದು.

ಪೌಳಿಯ ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಪರದೇಶದ ಯಂತ್ರವೇ. ನಮ್ಮ ಸ್ವರಗಳ ಬಾಗುಬಳಕುಗಳಿಗೆ ಅದು ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ, ಮೂರು ದಶಕಗಳ ಅನಂತರ ಸಡಿಲಿಸಿತು. ಭಜನೆಯವರು ಅಷ್ಟು ಕಾಲ ಕಾಯಲಿಲ್ಲ.

ಡಿಪೆಷ್ ಮೋಡ್ ಈಗ ಹಿರಿಯರ ವೃಂದ. 2022ರಲ್ಲಿ ಆಂಡ್ರ್ಯೂ ಫ್ಲೆಚರ್ ತೀರಿಕೊಂಡ ಮೇಲೆ ಉಳಿದವರು ಡೇವ್ ಗಾನ್, ಮಾರ್ಟಿನ್ ಗೋರ್ ಇಬ್ಬರೇ. ಗಮನಿಸಬೇಕಾದ ಸಂಗತಿಯೆಂದರೆ, 1990ರ ದಶಕದ ಕೊನೆಯಿಂದ ಅವರ ಕಚೇರಿಗಳಲ್ಲಿ ಕ್ರಿಸ್ಟಿಯನ್ ಐಗ್ನರ್ ಎಂಬ ಡ್ರಮ್ ವಾದಕ ಕುಳಿತಿದ್ದಾರೆ. ಯಂತ್ರವನ್ನು ನೆಚ್ಚಿದವರೇ ಜೀವಂತ ಕೈಯನ್ನು ಬಯಸಿ ಕರೆತಂದರು.

ಮುಂದಿನ ಜಾತ್ರೆಯಲ್ಲಿ ರಸಮಂಜರಿಯ ನಡುವೆ ಕರೆಂಟು ಹೋದರೆ ತುಸು ಕಿವಿಗೊಡಿ. ಕತ್ತಲಲ್ಲಿ ಜನ ಆ ಹಾಡನ್ನು ಮುಂದುವರಿಸಿದರೆ, ಆ ಸಂಗೀತ ಬರಿಯ ಯಂತ್ರದ್ದಾಗಿರಲಿಲ್ಲವೆಂದು ತಿಳಿಯಬಹುದು.