ಸಾಗರತಳದ ಸೊತ್ತು ಎಲ್ಲರದು, ಕಾಯುವವರು ಯಾರು?

ಪೆಸಿಫಿಕ್ ಸಾಗರದಲ್ಲಿ ಹವಾಯಿ ಮತ್ತು ಮೆಕ್ಸಿಕೊ ನಡುವೆ, 4,000 ಮೀಟರಿಗೂ ಹೆಚ್ಚಿನ ಆಳದಲ್ಲಿ ಆಲೂಗೆಡ್ಡೆ ಗಾತ್ರದ ಕಪ್ಪು ಖನಿಜ ಗಂಟುಗಳು ಹರಡಿಕೊಂಡಿವೆ. 10 ಲಕ್ಷ ವರ್ಷಗಳಿಗೆ ಕೆಲವೇ ಮಿಲಿಮೀಟರ್ ಬೆಳೆಯುವ ಈ ಗಂಟುಗಳಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವೆ. ಬ್ಯಾಟರಿ ಉದ್ಯಮದ ಕಣ್ಣು ಇವುಗಳ ಮೇಲೆ ಬಿದ್ದಿದೆ. ಆದರೆ ಆ ಸಾಗರತಳ ಯಾವ ದೇಶಕ್ಕೂ ಸೇರಿದ್ದಲ್ಲ.

2025ರ ಏಪ್ರಿಲ್ 24ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆಳಸಮುದ್ರ ಗಣಿಗಾರಿಕೆಗೆ ವೇಗ ನೀಡುವ ಆದೇಶಕ್ಕೆ ಸಹಿ ಹಾಕಿದರು. ಕೆನಡಾ ಮೂಲದ ದಿ ಮೆಟಲ್ಸ್ ಕಂಪನಿಯ ಅಮೆರಿಕನ್ ಅಂಗಸಂಸ್ಥೆ ಅದೇ ತಿಂಗಳಲ್ಲಿ, 1980ರ ಅಮೆರಿಕದ ದೇಶೀಯ ಕಾಯಿದೆಯಡಿ ಪರವಾನಗಿ ಕೋರಿ ಅರ್ಜಿ ಸಲ್ಲಿಸಿತು. ಎಲ್ಲರಿಗೂ ಸೇರಿದ ಸೊತ್ತನ್ನು ಒಂದು ದೇಶ ತನ್ನ ಕಾನೂನಿನ ಬಲದಿಂದ ಹಂಚಬಹುದೇ ಎಂಬ ಪ್ರಶ್ನೆ ಹೀಗೆ ಎದುರಾಯಿತು.

ಇದರ ಬೇರು 1967ರಲ್ಲಿದೆ. ಆ ವರ್ಷದ ನವೆಂಬರ್ 1ರಂದು ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಸುದೀರ್ಘ ಭಾಷಣ ಮಾಡಿ, ರಾಷ್ಟ್ರಗಳ ಗಡಿಯಾಚೆಗಿನ ಸಾಗರತಳವನ್ನು ಮನುಕುಲದ ಸಾಮಾನ್ಯ ಪರಂಪರೆಯೆಂದು ಪರಿಗಣಿಸಬೇಕೆಂದು ವಾದಿಸಿದರು. 1982ರ ಸಮುದ್ರ ಕಾನೂನು ಒಪ್ಪಂದ ಈ ತತ್ವವನ್ನು ಅಂಗೀಕರಿಸಿತು. ಒಂದರ್ಥದಲ್ಲಿ ಇದು ಜಗತ್ತಿನ ಗೋಮಾಳ. ಅದರ ಉಸ್ತುವಾರಿಗೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಇದೆ. ಕೈಗಾರಿಕಾ ರಾಷ್ಟ್ರಗಳ ಆಕ್ಷೇಪದಿಂದಾಗಿ 1994ರಲ್ಲಿ ಹಲವು ಷರತ್ತುಗಳನ್ನು ಸಡಿಲಿಸಲಾಯಿತು. ಹಾಗಿದ್ದೂ ಅಮೆರಿಕದ ಸೆನೆಟ್ ಒಪ್ಪಿಗೆ ನೀಡಲಿಲ್ಲ.

ಒಪ್ಪಂದಕ್ಕೆ ಸೇರದ ದೇಶವನ್ನು ಅದರ ನ್ಯಾಯಮಂಡಳಿಯ ಮುಂದೆ ನಿಲ್ಲಿಸುವುದು ಸಾಧ್ಯವಿಲ್ಲ. ಹಾಗಾದರೆ ಕಾನೂನು ಕೈಕಟ್ಟಿ ಕೂರಬೇಕೆ? ಇಲ್ಲಿ 137ನೇ ವಿಧಿ ಮುಖ್ಯವಾಗುತ್ತದೆ. ಪ್ರಾಧಿಕಾರದ ವ್ಯವಸ್ಥೆಯ ಹೊರಗೆ ತೆಗೆದ ಖನಿಜದ ಮೇಲಿನ ಯಾವುದೇ ಹಕ್ಕನ್ನು ಮಾನ್ಯ ಮಾಡತಕ್ಕದ್ದಲ್ಲ ಎಂದು ಅದು ವಿಧಿಸುತ್ತದೆ. ಗಂಟುಗಳನ್ನು ಕರಗಿಸುವ ಕಾರ್ಖಾನೆ, ಇಳಿಸಿಕೊಳ್ಳುವ ಬಂದರು, ಲೋಹ ಕೊಳ್ಳುವ ಗ್ರಾಹಕ ಯಾವುದಾದರೂ ಸದಸ್ಯ ರಾಷ್ಟ್ರದಲ್ಲಿದ್ದರೆ, ಆ ಸರ್ಕಾರ ಈ ವಿಧಿಗೆ ಉತ್ತರ ಹೇಳಬೇಕಾಗುತ್ತದೆ. ಸದಸ್ಯರ ಸಂಖ್ಯೆ ಸುಮಾರು 170. ಕಾನೂನಿನ ನಿಜವಾದ ಹಿಡಿತ ಇರುವುದು ಇಲ್ಲಿಯೇ ಹೊರತು ಸಾಗರದ ಮಧ್ಯದಲ್ಲಲ್ಲ.

ಇನ್ನೊಂದು ಆಧಾರವೂ ಉಂಟು. ಸಮುದ್ರ ಕಾನೂನು ನ್ಯಾಯಮಂಡಳಿಯ ಸಾಗರತಳ ವಿವಾದ ಪೀಠವು 2011ರ ಫೆಬ್ರುವರಿ 1ರಂದು ನೀಡಿದ ಸಲಹಾ ಅಭಿಪ್ರಾಯದಲ್ಲಿ, ಸಾಗರತಳದ ಪರಿಸರ ರಕ್ಷಣೆಯ ಹೊಣೆ ಇಡೀ ಸಮುದಾಯಕ್ಕೆ ಸಲ್ಲತಕ್ಕದ್ದು, ಆದ್ದರಿಂದ ಹಾನಿಯಾದಾಗ ಪ್ರತಿಯೊಂದು ಸದಸ್ಯ ರಾಷ್ಟ್ರವೂ ಪರಿಹಾರ ಕೇಳಲು ಅರ್ಹವಾಗಬಹುದು ಎಂದಿತು. ಸ್ವಂತಕ್ಕೆ ನಷ್ಟವಾದವರು ಮಾತ್ರ ದೂರಬೇಕೆಂಬ ಹಳೆಯ ಕಟ್ಟುಪಾಡು ಸಡಿಲವಾಗುತ್ತಿರುವುದಕ್ಕೆ ಇದು ಸಾಕ್ಷಿ. ಇದು ಅಭಿಪ್ರಾಯವೇ ಹೊರತು ಬಂಧನಕಾರಿ ತೀರ್ಪಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹಾನಿಯ ಭೀತಿ ಕಾಲ್ಪನಿಕವಲ್ಲ. 1989ರಲ್ಲಿ ಪೆರು ಕರಾವಳಿಯಾಚೆ ಜರ್ಮನ್ ವಿಜ್ಞಾನಿಗಳು ಪ್ರಯೋಗಕ್ಕೆಂದು ಸಾಗರತಳವನ್ನು ಉತ್ತಂತೆ ಕೆದಕಿದ್ದರು. 2015ರಲ್ಲಿ ಮರಳಿ ನೋಡಿದಾಗ ಆ ಗೆರೆಗಳು ಹಾಗೆಯೇ ಇದ್ದವು.

ಹಾಗೆಂದು ಪ್ರಾಧಿಕಾರದ ವ್ಯವಸ್ಥೆ ನಿಷ್ಕಳಂಕವೆನ್ನಲಾಗದು. ಅಭಿವೃದ್ಧಿಶೀಲ ರಾಷ್ಟ್ರಗಳಿಗೆಂದು ಮೀಸಲಿಟ್ಟ ಪ್ರದೇಶವೊಂದರಲ್ಲಿ ಇದೇ ಕೆನಡಾ ಕಂಪನಿಯ ಅಂಗಸಂಸ್ಥೆ, ಪುಟ್ಟ ನೌರು ದೇಶದ ಪ್ರಾಯೋಜಕತ್ವದಲ್ಲಿ ಅನ್ವೇಷಣಾ ಗುತ್ತಿಗೆ ಪಡೆದಿತ್ತು. 2021ರಲ್ಲಿ ನೌರು, 2 ವರ್ಷಗಳಲ್ಲಿ ಗಣಿಗಾರಿಕೆಯ ನಿಯಮ ಸಿದ್ಧವಾಗಲಿ ಎಂದು ಪಟ್ಟು ಹಿಡಿಯಿತು. 2023ರ ಜುಲೈನಲ್ಲಿ ಗಡುವು ಮುಗಿದರೂ ನಿಯಮಾವಳಿ ಸಿದ್ಧವಾಗಲಿಲ್ಲ. ಈ ವಿಳಂಬವೇ ಅಮೆರಿಕದ ದಾರಿ ಹಿಡಿಯಲು ಕಂಪನಿಗೆ ನೆಪವಾಯಿತು. 2026ರ ಜನವರಿ 17ರಂದು ಜಾರಿಗೆ ಬಂದ ಹೊಸ ಸಾಗರ ಜೀವವೈವಿಧ್ಯ ಒಪ್ಪಂದವೂ ಗಣಿ ಪರವಾನಗಿಯ ಅಧಿಕಾರವನ್ನು ಪ್ರಾಧಿಕಾರದ ಕೈಯಿಂದ ತೆಗೆದುಕೊಂಡಿಲ್ಲ.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. 1987ರಲ್ಲಿ ಮೊದಲ ಹೂಡಿಕೆದಾರ ರಾಷ್ಟ್ರವೆಂದು ನೋಂದಾಯಿತವಾದ ಭಾರತ, 2002ರಲ್ಲಿ ಪ್ರಾಧಿಕಾರದೊಡನೆ ಒಪ್ಪಂದ ಮಾಡಿಕೊಂಡು, ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಪ್ರದೇಶದ ಅನ್ವೇಷಣಾ ಹಕ್ಕನ್ನು ಉಳಿಸಿಕೊಂಡಿದೆ. ಆ ಹಕ್ಕಿಗೆ ಆಧಾರ ಕಿಂಗ್‌ಸ್ಟನ್‌ನ ದಾಖಲೆಯೇ. ಪ್ರಾಧಿಕಾರವನ್ನು ಬದಿಗೊತ್ತಿ ಪರವಾನಗಿ ನೀಡುವ ಪದ್ಧತಿ ಊರ್ಜಿತವಾದರೆ, ಹಿಂದೂ ಮಹಾಸಾಗರದ ಅದೇ ತಾಣಕ್ಕೆ ಬೇರೊಂದು ದೇಶ ತನ್ನ ಕಾಗದ ಹಿಡಿದು ಬಂದಾಗ ಆಕ್ಷೇಪಿಸಲು ಭಾರತಕ್ಕೆ ಉಳಿಯುವ ನೆಲೆ ತೀರಾ ಕಿರಿದು.