ಕ್ಯಾರಿಯರ್ ಇಲ್ಲದ ಬೈಸಿಕಲ್ಲು

ಹುಟ್ಟಿದೂರಿನ ದಾರಿಯನ್ನು ಹಣ ತೆತ್ತು ಪರರಿಂದ ತೋರಿಸಿಕೊಂಡವರನ್ನು ವಾಚಕರು ಹೆಚ್ಚಾಗಿ ಕಂಡಿರಲಾರರು. ಅಂತಹವನೊಬ್ಬನು ಈ ಲೇಖನವನ್ನು ಬರೆಯುತ್ತಿದ್ದಾನೆ. ಹಣವನ್ನು ನಾನೇ ಕೈಯಾರೆ ಕೊಡಲಿಲ್ಲವೆಂಬುದೊಂದೇ ಸಮಾಧಾನ. ಒಂದು ಕಾಲದಲ್ಲಿ ನನ್ನ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡವೆಂದರೆ ಬೆವರುತ್ತಿದ್ದ ಹುಡುಗನೊಬ್ಬ ಈಗ ಸರ್ಜಾಪುರ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. "ಸಾರ್, ಒಂದು ಭಾನುವಾರ ನಮ್ಮ ಜೊತೆ ಸೈಕಲ್ ಸವಾರಿಗೆ ಬರಲೇಬೇಕು. ಗುರುದಕ್ಷಿಣೆ ಅಂದುಕೊಳ್ಳಿ" ಎಂದು, ತಲೆಗೆ ಸಾವಿರದ ಇನ್ನೂರು ರೂಪಾಯಿಯಂತೆ ನನ್ನ ಪಾಲನ್ನೂ ಅವನೇ ಕಟ್ಟಿಬಿಟ್ಟಿದ್ದ. ಸರ್ಜಾಪುರದಿಂದ ಬೆಳಗಿನ ಜಾವ ಹೊರಟು, ಲಾಲ್‌ಬಾಗಿನ ಬಂಡೆಯನ್ನು ಕಂಡು, ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಸುತ್ತಿ, ತಿಂಡಿ ತಿಂದು, ಟೆಂಪೋ ಏರಿ ಹಿಂದಿರುಗುವುದು ಕಾರ್ಯಕ್ರಮ. ಬೈಸಿಕಲ್ಲೂ ಅವರದೇ, ಶಿರಸ್ತ್ರಾಣವೂ ಅವರದೇ, ದಾರಿ ತೋರಿಸುವವರೂ ಅವರೇ.

ಕಳೆದ ಪುಷ್ಯಮಾಸದ ಆ ಭಾನುವಾರ ಐದು ಗಂಟೆಗೆ ನಾವು ಹನ್ನೊಂದು ಮಂದಿ ಕೂಡಿದೆವು. ಕೈಯೆಟುಕಿಗೆ ಇರುವವನ ಮುಖ ಕಾಣದಂತೆ ಮಂಜು ಕವಿದಿದ್ದಿತು. ಮಾರ್ಗದರ್ಶಕರು ಯಾರೋ ಮೀಸೆ ಹೊತ್ತ ಕಟ್ಟುಮಸ್ತಾದ ಆಳೆಂದು ನಾನು ಊಹಿಸಿದ್ದೆ. ಮುಂದೆ ಬಂದು ನಿಂತವಳು ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ಧಾರವಾಡದ ಕಡೆಯವಳು, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಉಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಸೂಚನೆಗಳನ್ನು ಕೊಟ್ಟು, ನನ್ನ ಕಡೆಗೆ ತಿರುಗಿ, "ಸರ್, ನಿಮಗ ಗೇರ್ ಹಾಕೂದು ಗೊತ್ತೈತಿಲ್ರಿ?" ಎಂದು ಕೇಳಿದಳು. ಗೊತ್ತಿಲ್ಲವೆಂದು ಒಪ್ಪಿಕೊಂಡೆ. ಮೂವತ್ತು ವರ್ಷಗಳ ಹಿಂದೆ ನಾನು ಕಲಿತ ಬೈಸಿಕಲ್ಲಿಗೆ ಇದ್ದುದು ಎರಡು ಕಾಲು, ಒಂದು ಗಂಟೆ.

ನನಗೆ ಕೊಟ್ಟ ಬೈಸಿಕಲ್ಲನ್ನು ಒಮ್ಮೆ ಸುತ್ತಿ ನೋಡಿದೆ. ಏನೋ ಒಂದು ಕೊರತೆಯೆನಿಸಿತು. ದೊಮ್ಮಸಂದ್ರ ದಾಟಿದ ಮೇಲೆ ಹೊಳೆಯಿತು: ಅದಕ್ಕೆ ಹಿಂದೆ ಕ್ಯಾರಿಯರ್ ಇರಲಿಲ್ಲ. ಹನ್ನೊಂದರಲ್ಲಿ ಒಂದಕ್ಕೂ ಇರಲಿಲ್ಲ. ಏನನ್ನೂ ಹೊರಬಾರದೆಂದೇ ಮಾಡಿದ ಬೈಸಿಕಲ್ಲುಗಳು ಅವು.

ಇದನ್ನು ನಾನು ಇಷ್ಟಾಗಿ ಗಮನಿಸುವುದಕ್ಕೆ ಕಾರಣವುಂಟು. 1984ರಿಂದ 1999ರ ವರೆಗೆ, ಹದಿನೈದು ವರ್ಷ, ನನ್ನ ತಂದೆ ಇದೇ ದಾರಿಯಲ್ಲಿ ವಾರಕ್ಕೆ ಮೂರು ದಿನ ಬೈಸಿಕಲ್ ತುಳಿದವರು. ಅವರದು ಅಟ್ಲಾಸ್ ಬೈಸಿಕಲ್ಲು. ಕ್ಯಾರಿಯರ್ ಸಾಲದೆಂದು ಊರಿನ ಕಮ್ಮಾರನಿಂದ ಕಬ್ಬಿಣದ ಪಟ್ಟಿ ಕೂಡಿಸಿ ಅದನ್ನು ಅಗಲ ಮಾಡಿಸಿದ್ದರು. ಅದರ ಮೇಲೆ ನೀರು ಚಿಮುಕಿಸಿದ ಗೋಣಿತಾಟಿನಲ್ಲಿ ಸುತ್ತಿದ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಎಲ್ಲ ಸೇರಿ ಅರವತ್ತು ಕಿಲೋ ತೂಗುತ್ತಿದ್ದಿತೆಂದು ಅವರು ಹೇಳುತ್ತಿದ್ದರು. ರಾತ್ರಿ ಒಂದು ಗಂಟೆಗೆ ಹೊರಟರೆ ನಾಲ್ಕಕ್ಕೆ ಮಾರುಕಟ್ಟೆ. ಬಸ್ಸಿನಲ್ಲಿ ಹೋಗಬಾರದಿತ್ತೆ ಎಂದು ಈಗಿನವರು ಕೇಳಬಹುದು. ಆ ಹೊತ್ತಿನಲ್ಲಿ ಬಸ್ಸಿರಲಿಲ್ಲ. ಇದ್ದಾಗ ನೀರು ಸೋರುವ ಸೊಪ್ಪಿನ ಮೂಟೆಯನ್ನು ಹತ್ತಿಸಿಕೊಳ್ಳುವ ಕಂಡಕ್ಟರಿರಲಿಲ್ಲ. (ಅಟ್ಲಾಸ್ ಕಂಪನಿ ತನ್ನ ಕಟ್ಟಕಡೆಯ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಬೈಸಿಕಲ್ ದಿನಾಚರಣೆ! ಕಾಲಪುರುಷನ ವಿನೋದಗಳು ಹೀಗಿರುತ್ತವೆ.)

ಕೊಡತಿ, ಕಾರ್ಮೆಲರಾಂ, ದೊಡ್ಡಕನ್ನೆಲ್ಲಿ ಎಂದು ಊರುಗಳು ಹೆಸರಿನ ಹಲಗೆಗಳಾಗಿ ಹಿಂದೆ ಸರಿದವು. ರಾಗಿಯ ಹೊಲಗಳಿದ್ದ ಕಡೆ ಇಪ್ಪತ್ತು ಅಂತಸ್ತಿನ ಮನೆಗಳು ಎದ್ದಿರುವುದನ್ನು ವರ್ಣಿಸಿ ವಾಚಕರನ್ನು ದಣಿಸಲಾರೆ. ಎಲ್ಲರೂ ಕಂಡಿರುವ ಸಂಗತಿ. ಕೈಕೊಂಡ್ರಹಳ್ಳಿಯ ಕೆರೆಯ ಬಳಿ ಐದು ನಿಮಿಷ ನಿಂತೆವು. ಹಾಳಾಗಿ ಹೋಗಿದ್ದ ನಲವತ್ತೆಂಟು ಎಕರೆಯ ಈ ಕೆರೆಯನ್ನು ಸುತ್ತಲಿನ ನಿವಾಸಿಗಳು ನಗರಪಾಲಿಕೆಯೊಡನೆ ಸೇರಿ ಹದಿನೈದು ವರ್ಷಗಳ ಹಿಂದೆ ಉಳಿಸಿಕೊಂಡರು. ಮಂಜಿನ ನಡುವೆ ನೀರುಕಾಗೆಯೊಂದು ರೆಕ್ಕೆ ಹರಡಿಕೊಂಡು, ಇಲ್ಲದ ಬಿಸಿಲನ್ನು ಕಾಯಿಸುತ್ತಿದ್ದಿತು.

ಮುಂದೆ ಇಬ್ಬಲೂರು. ಇಲ್ಲಿ ಎಡಬಲ ನೋಡದೆ ಹೋಗುವುದೇ ಸುಖ. ಆದರೆ ನಮ್ಮ ಮಾರ್ಗದರ್ಶಕಿ ನಿಲ್ಲಿಸಿದಳು. ರಸ್ತೆಯ ಆಚೆಗೆ ಬೆಳ್ಳಂದೂರು ಕೆರೆ; 2017ರಲ್ಲೂ 2018ರಲ್ಲೂ ಹೊತ್ತಿ ಉರಿದು ಲೋಕಪ್ರಸಿದ್ಧವಾದ ಕೆರೆ. "ನಾವ್ ಹೊಂಟಿರೋ ಮಾರ್ಕೆಟ್ಟಿನ ಕಡೀಂದ ಹೊರಡೋ ರಾಜಕಾಲುವಿ ಇಲ್ಲಿಗೇ ಬಂದು ಬೀಳತೈತ್ರಿ" ಎಂದಳು. ನೀರು ಇಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಡಿಸಿ ನೋಡದಿದ್ದ ಸಂಗತಿಯನ್ನು ಆಕೆ ಹೇಳಿದಳು. ಈ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, 2018ರಿಂದ ಕೋಲಾರ ಜಿಲ್ಲೆಯ ಬತ್ತಿದ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಕೆರೆ ತುಂಬಿದರೆ ಸುತ್ತಣ ಕೊಳವೆಬಾವಿಗಳಲ್ಲಿ ನೀರು ಏರುತ್ತದೆ. ಕೋಲಾರದ ತೋಟಗಳಿಂದ ಟೊಮೆಟೊ, ಕೋಸು, ಸೊಪ್ಪು ಮರಳಿ ಬೆಂಗಳೂರಿನ ಮಾರುಕಟ್ಟೆಗೆ ಬರುತ್ತದೆ. ಮಾರುಕಟ್ಟೆ ತಾನು ತೊಳೆದು ಚೆಲ್ಲಿದ ನೀರನ್ನು ತರಕಾರಿಯ ರೂಪದಲ್ಲಿ ತಾನೇ ಕೊಂಡುಕೊಳ್ಳುತ್ತಿದೆಯೆಂದಾಯಿತು. ಆ ಸಂಸ್ಕರಣ ಸಾಲದೆಂದು ಆಕ್ಷೇಪಿಸುವವರೂ ಇದ್ದಾರೆ. ನನಗೆ ಮಾತ್ರ ಹುಡುಗಿಯ ಮೇಲೆ ಗೌರವ ಹುಟ್ಟಿತು. ಊರಿನವನೆಂಬ ನನ್ನ ಜಂಬ ಅಷ್ಟರ ಮಟ್ಟಿಗೆ ಇಳಿಯಿತು.

ಅಗರ, ಕೋರಮಂಗಲ, ಆಡುಗೋಡಿಗಳನ್ನು ದಾಟಿ ಲಾಲ್‌ಬಾಗನ್ನು ಮುಟ್ಟುವಾಗ ಏಳು ಗಂಟೆ. ಬೈಸಿಕಲ್ಲುಗಳನ್ನು ಬಾಗಿಲ ಬಳಿ ಒಬ್ಬನ ವಶಕ್ಕೆ ಕೊಟ್ಟು ಒಳಗೆ ನಡೆದೆವು. 1760ರ ಸುಮಾರಿಗೆ ಹೈದರಾಲಿ ಆರಂಭಿಸಿದ ತೋಟ, 1889ರಲ್ಲಿ ಅಸ್ತಿವಾರ ಕಂಡ ಗಾಜಿನ ಮನೆ, ಇವನ್ನೆಲ್ಲ ಶಾಲೆಯ ಮಕ್ಕಳೂ ಹೇಳುತ್ತಾರೆ. ಬಂಡೆಯ ವಿಚಾರ ಬೇರೆ. ನಲವತ್ತಾರು ವರ್ಷದ ನಾನು ಎಷ್ಟೋ ಸಲ ಹತ್ತಿ ಇಳಿದಿದ್ದೇನೆ. ಕೆಂಪೇಗೌಡರ ಗೋಪುರವನ್ನು ಕೂಡ ಮುಟ್ಟಿದ್ದೇನೆ. ಕಾಲಡಿಯ ಕಲ್ಲನ್ನು ನೋಡಿರಲಿಲ್ಲ.

"ಬರ್ರಿ ಸರ್, ಇಲ್ಲೆ ಕೂಡ್ರಿ. ಈ ಪಟ್ಟಿ ನೋಡ್ರಿ. ಇಳಕಲ್ ಸೀರಿ ದಡಿ ಇದ್ದಂಗ ಐತಿಲ್ಲ?"

ಬಗ್ಗಿ ನೋಡಿದೆ. ಬೂದು ಬಣ್ಣದ ಒಡಲಿನಲ್ಲಿ ಬಿಳಿ, ಕಪ್ಪು ಎಳೆಗಳು ಅಲೆಯಲೆಯಾಗಿ ಹರಿದು, ಕೆಲವು ಕಡೆ ಮಡಿಸಿಕೊಂಡು, ಮತ್ತೆ ಬಿಚ್ಚಿಕೊಂಡಿದ್ದುವು. ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕ ಕಲ್ಲು ಹಿಟ್ಟಿನಂತೆ ಮಣಿದಾಗ ಈ ಪಟ್ಟೆಗಳು ಮೂಡುವುವಂತೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಏಳತೊಡಗಿ ಐದು ಕೋಟಿ ವರ್ಷವಷ್ಟೇ ಆಗಿದೆ. ಈ ಬಂಡೆಯ ಮುಂದೆ ಅದು ತೊಟ್ಟಿಲ ಕೂಸು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬ ವಿದ್ವಾಂಸರು ದಕ್ಷಿಣದಲ್ಲೆಲ್ಲ ಹರಡಿರುವ ಈ ಕಲ್ಲಿಗೆ 1916ರಲ್ಲಿ 'ಪೆನಿನ್ಸುಲಾರ್ ನೈಸ್' ಎಂದು ಹೆಸರಿಟ್ಟರು. ಇಂದು ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸರ್ಜಾಪುರದ ನಮ್ಮ ಹೊಲದ ಬದುವಿನ ಕಲ್ಲೂ ಇದೇ ವಂಶದ್ದು ಎಂದು ಆಕೆ ಹೇಳಿದಾಗ, ಆ ಬದುವಿಗಾಗಿ ದಾಯಾದಿಗಳೊಡನೆ ನಾವು ಹೂಡಿದ ಮೊಕದ್ದಮೆ ನೆನಪಾಗಿ ನಗೆ ಬಂದಿತು.

ಅಲ್ಲಿ ಕುಳಿತಾಗ ನನಗೆ ಮಾತು ಬಂದಿತು. ಮೇಷ್ಟರಿಗೆ ಎದುರಿನಲ್ಲಿ ಹತ್ತು ಮಂದಿ ಸುಮ್ಮನೆ ಕುಳಿತಿದ್ದರೆ ಮಾತು ಬರುವುದು ಸಹಜ. ನಮ್ಮ ತಂದೆ ಸೊಪ್ಪು ಮಾರಿ ಹಿಂದಿರುಗುವಾಗ ಇದೇ ಬಂಡೆಯ ಮೇಲೆ ಕುಳಿತು ರಾಗಿರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದರೆಂದೂ, ನಗರವನ್ನು ಇಲ್ಲಿಂದ ನೋಡಿ ಊರಿನ ಕಡೆಗೆ ತಿರುಗುತ್ತಿದ್ದರೆಂದೂ ಹೇಳಿದೆ. "ಲಾಲ್‌ಬಾಗ್ ಬಂಡೆತಾವ ಉಂಡ್ಕೊಂಡು ಬಂದೆ" ಎಂದು ಅವರು ತಾಯಿಗೆ ಹೇಳುತ್ತಿದ್ದುದನ್ನು ಬಾಲ್ಯದಲ್ಲಿ ನಾನು ಕೇಳಿದ್ದುಂಟು. ಎಲ್ಲರೂ ಮೆಚ್ಚಿದರು. ನನ್ನ ಶಿಷ್ಯ ಫೋನಿನಲ್ಲಿ ನನ್ನ ಚಿತ್ರವನ್ನು ಬಂಡೆಸಹಿತ ಹಿಡಿದುಕೊಂಡ. ಹೆಮ್ಮೆಯಿಂದ ಎದೆ ಉಬ್ಬಿತೆಂದು ಬರೆಯುವುದಕ್ಕೆ ಈಗ ಸಂಕೋಚವಾಗುತ್ತದೆ.

ಮಾರುಕಟ್ಟೆಗೆ ಬಂದೆವು. ಸಿದ್ಧಿಕಟ್ಟೆಯೆಂಬ ಕೆರೆಯಿದ್ದ ಈ ಜಾಗದಲ್ಲಿ 1928ರಲ್ಲಿ ಮಾರುಕಟ್ಟೆ ತಲೆಯೆತ್ತಿ ನಾಲ್ವಡಿ ಕೃಷ್ಣರಾಜರ ಹೆಸರನ್ನು ಪಡೆಯಿತು. ಆ ದಿನ ಅಲ್ಲಿ ಅವರೆಕಾಯಿಯ ಸಾಮ್ರಾಜ್ಯ. ರಾಶಿಯ ಹತ್ತಿರ ಹೋಗುವ ಮೊದಲೇ ಸೊಗಡು ಮೂಗಿಗೆ ಹೊಡೆಯಿತು. ಹಿಮ ಬಿದ್ದ ಕಾಯಿಯನ್ನು ಹಿಸುಕಿ ಕೈಯನ್ನು ಮೂಸಿ ನೋಡದವನು ಬೆಂಗಳೂರಿನ ಸೀಮೆಯವನೇ ಅಲ್ಲ. ಸೀಮೆಬದನೆಕಾಯಿಯ ಗುಡ್ಡೆಯೊಂದನ್ನು ತೋರಿಸಿ ಮಾರ್ಗದರ್ಶಕಿ, 1874ರಿಂದ 1908ರ ವರೆಗೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್ ಇದನ್ನು ಈ ನೆಲಕ್ಕೆ ಪರಿಚಯಿಸಿದರೆಂದಳು. ಮೆಕ್ಸಿಕೋ ದೇಶದ ಕಾಯಿ. ಕನ್ನಡಿಗರಿಗೆ ಅದು ಸೀಮೆಯದು, ತಮಿಳರಿಗೆ 'ಬೆಂಗಳೂರು ಕತ್ತರಿಕ್ಕಾಯ್'. ಯಾರೂ ತಮ್ಮದೆನ್ನದೆ ಎಲ್ಲರೂ ತಿನ್ನುವ ತರಕಾರಿ.

"ಹಿಂದಕ ಮೂವತ್ತು ಕಿಲೋಮೀಟರಿನಿಂದ ರೈತರು ಸೈಕಲ್ ಮ್ಯಾಲ ಮಾಲು ತರತಿದ್ರಂತ" ಎಂದು ಆಕೆ ಎಲ್ಲರಿಗೂ ಹೇಳಿ ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಆದರೆ ಮೇಲಿನಿಂದ ಬಗ್ಗಿ ಹೂವಿನ ಸಂತೆಯನ್ನು ನೋಡಿದಾಗ, ಬಂಡೆಯ ಮೇಲೆ ಹೇಳದೆ ಉಳಿಸಿಕೊಂಡಿದ್ದ ಮತ್ತೊಂದು ಕಥೆ ನನ್ನನ್ನು ಹಿಡಿದು ನಿಲ್ಲಿಸಿತು.

1998ರ ಅಕ್ಟೋಬರ್ ಕಡೆಯ ದಿನ. ನಾನು ಬಿ.ಎ. ವಿದ್ಯಾರ್ಥಿ, ಕಾಲೇಜಿನ ಕನ್ನಡ ಸಂಘದ ಕಾರ್ಯದರ್ಶಿ. ಮರುದಿನದ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಚಿತ್ರಕ್ಕೆ ಹಾರ ಬೇಕಾಗಿ, ನಾಲ್ವರು ಗೆಳೆಯರೊಡನೆ ಬೆಳಗ್ಗೆಯೇ ಈ ಹೂವಿನ ಸಾಲಿಗೆ ಬಂದಿದ್ದೆ. ಸೇವಂತಿಗೆಯನ್ನು ಮಾರಿನ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದಾಗ ಎದುರಿನ ಓಣಿಯಲ್ಲಿ ಗದ್ದಲ ಕೇಳಿಸಿತು. ದಲ್ಲಾಳಿಯೊಬ್ಬ ಸೊಪ್ಪಿನ ಮೂಟೆಯನ್ನು ಕಾಲಿನಿಂದ ಸರಿಸಿದ್ದ. ಸಿವುಡುಗಳು ಕೆಸರಿನಲ್ಲಿ ಚೆಲ್ಲಿದ್ದುವು. ಬಗ್ಗಿ ಒಂದೊಂದನ್ನೇ ಎತ್ತಿ, ಪಂಚೆಯ ಅಂಚಿನಿಂದ ಒರೆಸಿ ಜೋಡಿಸಿಕೊಳ್ಳುತ್ತಿದ್ದವರು ನನ್ನ ತಂದೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. "ಪಾಪ, ಯಾರೋ ಮುದುಕ" ಎಂದ ಒಬ್ಬ ಗೆಳೆಯ. ಅವರಿಗೆ ಆಗ ಐವತ್ತೂ ತುಂಬಿರಲಿಲ್ಲ. ನಾನು ಚೆಂಡುಹೂವಿನ ರಾಶಿಯ ಹಿಂದಕ್ಕೆ ಸರಿದು, ಹಾರದ ಬೆಲೆಯನ್ನು ಮತ್ತೊಮ್ಮೆ ಕೇಳಿದೆ. ಮರುದಿನ ಸಭೆಯಲ್ಲಿ ಕನ್ನಡದ ನೆಲ, ಕನ್ನಡದ ಮಣ್ಣು ಎಂದು ಇಪ್ಪತ್ತು ನಿಮಿಷ ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆ.

ದಂಟಿನ ಸೊಪ್ಪು ಮಾರುತ್ತಿದ್ದ ಮುದುಕಿಯ ಬಳಿ ಎರಡು ಸಿವುಡು ಕೊಂಡೆ. ಎಲ್ಲಿಂದ ಬಂದಿರಿ ಎಂದಳು, ಸರ್ಜಾಪುರವೆಂದೆ. "ಆ ಕಡೆ ಸೊಪ್ಪು ಈಗೆಲ್ಲಿ ಬತ್ತದೆ ಸ್ವಾಮಿ, ಮನೆ ಬೆಳೀತಾವ್ರಲ್ಲ" ಎಂದು ಚಿಲ್ಲರೆ ಎಣಿಸಿಕೊಟ್ಟಳು. ಕ್ಯಾರಿಯರ್ ಇಲ್ಲದುದರಿಂದ ಸೊಪ್ಪನ್ನು ಹ್ಯಾಂಡಲ್ಲಿಗೆ ನೇತುಹಾಕಿದೆ. ತಿಂಡಿ ತಿಂದು ಟೆಂಪೋ ಸೇರುವವರೆಗೂ ಅದು ಮೊಣಕಾಲಿಗೆ ತಾಗುತ್ತಲೇ ಇದ್ದಿತು.

ಮನೆಗೆ ಬಂದಾಗ ತಂದೆ ಜಗಲಿಯ ಬಿಸಿಲಿನಲ್ಲಿ ಕುಳಿತಿದ್ದರು. ಈಗ ಅವರಿಗೆ ಎಪ್ಪತ್ತಾರು. ಸೊಪ್ಪನ್ನು ಕೈಗೆ ಕೊಟ್ಟೆ. ಬೇರನ್ನು ತಿರುಗಿಸಿ ನೋಡಿದರು.

"ಎಷ್ಟು ಕೊಟ್ಟೆ?"

"ಎರಡಕ್ಕೆ ನಲವತ್ತು."

"ನಿನ್ನೆ ಕಿತ್ತಿರೋದು" ಎಂದು ಪಕ್ಕಕ್ಕಿಟ್ಟುಕೊಂಡರು. ಸವಾರಿಗೆ ಕಟ್ಟಿದ ಹಣದ ಸುದ್ದಿ ಕೇಳಿ, "ದಾರಿ ತೋರ್ಸಕ್ಕಾ? ನನ್ ಕೈಗೆ ಕೊಟ್ಟಿದ್ರೆ ನಾನೇ ತೋರಿಸ್ತಿರಲಿಲ್ವಾ?" ಎಂದರು. ನಾನು ಉತ್ಸಾಹದಿಂದ, "ಅಪ್ಪಾ, ಇವತ್ತು ಲಾಲ್‌ಬಾಗ್ ಬಂಡೆ ಮೇಲೆ ಕೂತಿದ್ದೆ. ನೀನು ಬುತ್ತಿ ಬಿಚ್ಚುತ್ತಿದ್ದದ್ದು ಯಾವ ಕಡೆ? ಗೋಪುರದ ಹತ್ತಿರವೋ, ಇಳಿಜಾರಿನಲ್ಲೋ?" ಎಂದು ಕೇಳಿದೆ.

"ಬಂಡೆ ಮೇಲಾ? ನಾನ್ಯಾಕೆ ಬಂಡೆ ಅತ್ತಾನೆ? ಗೇಟಿನ ಆಚೆ ಮರದ ಕೆಳಗೆ ಉಣ್ತಿದ್ದೆ. ಸೈಕಲ್ ಒಳೀಕ್ಕೆ ಬಿಡ್ತಿರ್ಲಿಲ್ಲ. ಬಿಟ್ಟು ಓದ್ರೆ ಕಾಯೋರ್ಯಾರು?"

ಹದಿನೈದು ವರ್ಷದಲ್ಲಿ ಒಂದು ಸಲವೂ ಹತ್ತಿರಲಿಲ್ಲವೆ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಬರುವ ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದೆ. "ಈಗ ಮಂಡಿ ಕೇಳ್ಬೇಕಲ್ಲಪ್ಪ" ಎಂದು ಮೊಣಕಾಲನ್ನು ತಟ್ಟಿಕೊಂಡು ಸೊಪ್ಪು ಬಿಡಿಸತೊಡಗಿದರು. ನಾನೂ ಎದುರಿಗೆ ಕುಳಿತು ಒಂದು ಸಿವುಡು ಎಳೆದುಕೊಂಡೆ. ಹೂವಿನ ಸಾಲಿನ ಮಾತು ನಾಲಗೆಯ ತುದಿಗೆ ಬಂದಿದ್ದಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಆ ದಂಟು ಬಿಸಾಕ್ಬೇಡ. ನಾರು ತೆಗೆದು ಮಡಗು. ಉಪ್ಪೆಸರಿಗೆ ಅದೇ ರುಚಿ."