ಹತ್ತಿ ಚೀಲ ಬಿಟ್ಟು ಇಂಟರ್‌ವ್ಯೂ ಇಲ್ಲ

ಆದೋನಿ ಸೀಮೆಯ ನಮ್ಮ ಅಕ್ಕನ ಮಗ ಕ್ಯಾಟ್ ಪರೀಕ್ಷೆಯಲ್ಲಿ ಗೆದ್ದು, ಐಐಎಂ ಇಂಟರ್‌ವ್ಯೂಗೆ ಕರೆ ಬಂದ ಮೇಲೆ ಸಪ್ಪಗಾದ. "ಅಪ್ಪ ಹತ್ತಿ ಬೆಳೀತಾನೆ ಅಂತ ಅಲ್ಲಿ ಹ್ಯಾಂಗ ಹೇಳ್ಲಿ ಮಾವಾ?"

"ಅದನ್ನೇ ಹೇಳಪ್ಪಾ" ಅಂದೆ. ಅರ್ಜಿಯಲ್ಲಿ ಬರೆದದ್ದರಿಂದಲೇ ಅವರು ಪ್ರಶ್ನೆ ಎತ್ತುತ್ತಾರೆ: ಊರು, ಓದು, ಎಂಬಿಎ ಯಾಕೆ. ಬಾಯಿಪಾಠ ಎರಡನೇ ಪ್ರಶ್ನೆಗೇ ಮುಗೀತದೆ.

ಮೂರು ದಿನ ಮಾರ್ಕೆಟ್ ಯಾರ್ಡಿನಲ್ಲಿ ನಿಲ್ಲಿಸಿದೆ. ತೇವ ಶೇ. 8 ದಾಟಿದರೆ ಸಿಸಿಐ ದರ ಇಳಿಸುತ್ತದೆ, 12 ದಾಟಿದರೆ ಕೊಳ್ಳುವುದೇ ಇಲ್ಲ. ಆದರೂ ರೈತ ಒಣಗಿಸದೆ ಯಾಕೆ ತರ್ತಾನೆ? ಬಡ್ಡಿ ಕಾಯೋದಿಲ್ಲ. ಇದನ್ನು ತೆಲುಗಲ್ಲಿ, ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸಿದೆ. (ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನು ಅವನೇ ತಿದ್ದಿದ.) ತಿಳಿಯದ್ದಕ್ಕೆ 'ಗೊತ್ತಿಲ್ಲ ಸಾರ್' ಅನ್ನಿಸೋದೇ ಕಷ್ಟವಾಯ್ತು.

ಬೆಂಗಳೂರಿಗೆ ಹೋಗಿಬಂದ. ಹತ್ತಿಯ ಮಾತೇ ಬಹಳ ಹೊತ್ತು ನಡೀತಂತೆ. ಫಲಿತಾಂಶ ಇನ್ನೂ ಬಂದಿಲ್ಲ.